ಎಲ್ಲ ಮಕ್ಕಳೂ ಬಾಯಿಬಿಡುವ ತರಗತಿ: ಧಾರಾವಿಯಿಂದ ಕಲಿಯಬಹುದಾದದ್ದು

ಭಾಷೆ, ಜಾತಿ, ಲಿಂಗ, ಅಂಗವೈಕಲ್ಯ, ಮನೆಯ ಬಡತನ ಯಾವುದೂ ಅಡ್ಡಬಾರದೆ ತರಗತಿಯ ಚರ್ಚೆಯಲ್ಲಿ ಪ್ರತಿ ಮಗುವಿಗೂ ಮಾತಿನ ಸರದಿ ಸಿಗಬೇಕು. ಅದು ತಾನಾಗಿ ಸಿಗುವುದಿಲ್ಲ, ಶಿಕ್ಷಕರೇ ಏರ್ಪಾಡು ಮಾಡಬೇಕು. ಮುಂಬಯಿಯಲ್ಲಿರುವ, ಹಲವು ನುಡಿಗಳ ಧಾರಾವಿಯಲ್ಲಿ ಇದರ ಅಗತ್ಯ ಎದ್ದು ಕಾಣುತ್ತದೆ.

ಹಲವು ನುಡಿಗಳ ನೆರೆಹೊರೆ

ಮಾಹಿಮ್ ಮತ್ತು ಸಾಯನ್ ನಡುವಿನ ಧಾರಾವಿ ಎರಡು ಚದರ ಕಿಲೋಮೀಟರಿಗಿಂತ ತುಸು ದೊಡ್ಡದು. ಮೊದಲಿನಿಂದ ಇದ್ದ ಕೋಳಿ ಸಮುದಾಯದ ಮೀನುಗಾರರ ಜೊತೆಗೆ ಸೌರಾಷ್ಟ್ರದ ಕುಂಬಾರರು, ಚರ್ಮದ ಕೆಲಸದ ತಮಿಳರು, ಉತ್ತರ ಪ್ರದೇಶದ ಕಸೂತಿ ಕೆಲಸಗಾರರು, ಕೂಲಿ ಅರಸಿ ಬಂದ ಕನ್ನಡಿಗರು ಇಲ್ಲಿ ನೆಲೆಸಿದ್ದಾರೆ. ಮುಂಬಯಿ ಮಹಾನಗರಪಾಲಿಕೆ ನಗರದಲ್ಲಿ ಕನ್ನಡವೂ ಸೇರಿ 8 ಮಾಧ್ಯಮಗಳ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಆದರೂ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಬಂಬಯ್ಯಾ ಹಿಂದಿ, ಪುಸ್ತಕದಲ್ಲಿ ಮರಾಠಿ ಅಥವಾ ಇಂಗ್ಲಿಷ್ ಎಂಬ ಸ್ಥಿತಿ ಅನೇಕ ಮಕ್ಕಳದು. ಉತ್ತರ ಗೊತ್ತಿದ್ದರೂ ವಾಕ್ಯ ಕೂಡಿಸುವಷ್ಟರಲ್ಲಿ ಮುಂದಿನ ಬೆಂಚಿನವರು ಕೈ ಎತ್ತಿರುತ್ತಾರೆ. ಹಾಗಾಗಿ ಸುಮ್ಮನಿರುವ ಮಗುವನ್ನು ದಡ್ಡ ಎಂದುಕೊಳ್ಳುವುದು ಅವಸರದ ತೀರ್ಪು.

ಕಾನೂನಿನ ಬಲ

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಬೋಧಿಸಬೇಕು, ಮಗು ಭಯವಿಲ್ಲದೆ ಅಭಿಪ್ರಾಯ ಹೇಳುವಂತಿರಬೇಕು ಎನ್ನುತ್ತದೆ ಅದರ 29ನೇ ಕಲಮು. ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ 17ನೇ ಕಲಮು ನಿಷೇಧಿಸಿದೆ.

ಕಾಯುವುದು, ಜೋಡಿ ಮಾಡುವುದು

ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡು ಮಾತ್ರ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಹಿಂದುಳಿದವರೆಂದು ಕರೆಸಿಕೊಂಡ ಮಕ್ಕಳೂ ಹೆಚ್ಚು ಮಾತಾಡಿದರು. 1981ರಲ್ಲಿ ಶಿಕ್ಷಣತಜ್ಞ ಫ್ರಾಂಕ್ ಲೈಮನ್ ಸೂಚಿಸಿದ ಕ್ರಮದಲ್ಲಿ ಮಗು ಮೊದಲು ತಾನೇ ಯೋಚಿಸಿ, ಪಕ್ಕದವರೊಡನೆ ಮಾತಾಡಿ, ಆಮೇಲೆ ತರಗತಿಗೆ ಹೇಳುತ್ತದೆ. ಧಾರಾವಿಯಂಥ ಕಡೆ ಜೋಡಿಯ ಮಾತು ಯಾವ ಭಾಷೆಯಲ್ಲಿದ್ದರೂ ಸರಿ ಎಂದರೆ ಅರ್ಧ ಅಳುಕು ಅಲ್ಲೇ ಹೋಗುತ್ತದೆ.

ಕರ್ನಾಟಕದಲ್ಲಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಕಲಿಕಾ ಪದ್ಧತಿಯಲ್ಲೂ ಮಕ್ಕಳು ಗುಂಪಾಗಿ ಕೂತು ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅಲ್ಲಿ ಹಿಂದಿನ ಬೆಂಚೇ ಇಲ್ಲ.

ಮಕ್ಕಳು ಬಲ್ಲ ವಿಷಯ

ಪರಿಸರ ಪಾಠದಲ್ಲಿ ಪ್ಲಾಸ್ಟಿಕ್ ಬಂದರೆ, ಧಾರಾವಿಯ 13 ಕಂಪೌಂಡಿನ ಗುಜರಿ ಗೋದಾಮುಗಳ ನಡುವೆ ಬೆಳೆದ ಮಗುವಿಗೆ ಪುಸ್ತಕಕ್ಕಿಂತ ಹೆಚ್ಚು ಗೊತ್ತಿರುತ್ತದೆ. ಮಣ್ಣಿನ ಪಾಠಕ್ಕೆ ಕುಂಬಾರವಾಡದ ಆವಿಗೆ ಹತ್ತಿರದಲ್ಲೇ ಇದೆ. ಆದರೆ "ನಿಮ್ಮಪ್ಪ ಗುಜರಿಯವರಲ್ಲವೇ, ನೀನು ಹೇಳು" ಎಂದರೆ ಮಗು ಕುಗ್ಗುತ್ತದೆ. "ನಿಮ್ಮ ಓಣಿಯಲ್ಲಿ ಹಳೆ ಡಬ್ಬಗಳು ಏನಾಗುತ್ತವೆ?" ಎಂದು ಎಲ್ಲರನ್ನೂ ಕೇಳಿದರೆ ಬಲ್ಲವರು ತಾವಾಗಿ ಮುಂದೆ ಬರುತ್ತಾರೆ.

ಸರದಿಯ ಲೆಕ್ಕ

ಯಾರು ಮಾತಾಡಿದರೆಂದು ಹಾಜರಿ ಪಟ್ಟಿಯ ಒಂದು ಪ್ರತಿಯಲ್ಲಿ ವಾರವಿಡೀ ಗುರುತು ಹಾಕಿದರೆ ಸತ್ಯ ತಿಳಿಯುತ್ತದೆ. ಬರೆದು ಅಥವಾ ಚಿತ್ರ ಬಿಡಿಸಿ ಉತ್ತರಿಸಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗುರುತುಗಳು ಅದೇ ನಾಲ್ಕು ಹೆಸರುಗಳ ಮುಂದೆ ಬಿದ್ದಿದ್ದರೆ, ಮುಂದಿನ ವಾರ ಪ್ರಶ್ನೆ ಕೇಳುವ ರೀತಿಯನ್ನೂ ಮಕ್ಕಳು ಕೂರುವ ಜಾಗವನ್ನೂ ಬದಲಿಸಬೇಕು.