ನಾಯಿ, ಉಣ್ಣೆ ಮತ್ತು ಗೋಡೆಯ ಬಿರುಕು

ನಾಯಿಯ ಮೈಮೇಲಿನ ಉಣ್ಣೆಗೂ ಒಂದು ಚರಿತ್ರೆಯಿದೆಯೆಂದರೆ ಓದುಗರು ನಕ್ಕಾರು. ಯುದ್ಧ, ಒಪ್ಪಂದ, ಕೋಟೆಕೊತ್ತಲಗಳಿಗೆ ಮೀಸಲಾದ ಚರಿತ್ರೆಯಲ್ಲಿ ಎಳ್ಳುಕಾಳಿನಷ್ಟು ಗಾತ್ರದ ಪ್ರಾಣಿಗೆ ಏನು ಸ್ಥಾನ? ಆದರೆ ಮಟ್ಟಾಂಚೇರಿಯಂಥ ಊರಿನಲ್ಲಿ, ಗೋಡೆಗೆ ಗೋಡೆ ತಗುಲಿಕೊಂಡ ಹಳೆಯ ಮನೆಗಳ ಓಣಿಗಳಲ್ಲಿ ಬಾಳುವ ನಮಗೆ ಈ ಪ್ರಶ್ನೆ ತಮಾಷೆಯದಲ್ಲ. ಉಣ್ಣೆ ಹತ್ತಿತೆಂಬ ಒಂದೇ ಕಾರಣಕ್ಕೆ, ವರ್ಷಗಟ್ಟಲೆ ಬಾಗಿಲು ಕಾದ ನಾಯಿಯನ್ನು ಬೀದಿಪಾಲು ಮಾಡಿದ್ದನ್ನು ನಾವು ಕಂಡಿದ್ದೇವೆ. ನಾಯಿ ಹೊರಗೆ ಹೋಗುತ್ತದೆ. ಉಣ್ಣೆ ಮಾತ್ರ ಮನೆಯಲ್ಲೇ ಉಳಿಯುತ್ತದೆ. ಹೀಗೇಕೆ ಎಂಬುದನ್ನು ಅರಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು.

ನಮ್ಮ ಮಲೆನಾಡಿನವರು ಇದನ್ನು ಉಣುಗು ಎನ್ನುತ್ತಾರೆ, ಇಲ್ಲಿನ ಮಲಯಾಳಿ ನೆರೆಯವರು ಪಟ್ಟುಣ್ಣಿ ಎನ್ನುತ್ತಾರೆ. ಇದು ಕೀಟವಲ್ಲ, ಜೇಡ, ಚೇಳುಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಜೀವಿ. ಮನೆನಾಯಿಯ ಕಂದು ಉಣ್ಣೆಗೆ 1806ರಲ್ಲಿ ಫ್ರೆಂಚ್ ವಿಜ್ಞಾನಿ ಲಾತ್ರೇಯ್ ಹೆಸರಿಟ್ಟರು. ಇಂದು ಅದು ರೈಪಿಸೆಫಾಲಸ್ ಸ್ಯಾಂಗ್ವಿನಿಯಸ್ ಎನಿಸಿಕೊಂಡಿದೆ. ಹೆಸರು ಬಂದರೂ ಅದರ ನಿಜವಾದ ಅಪಾಯ ಯಾರಿಗೂ ತಿಳಿದಿರಲಿಲ್ಲ. ಒಂದೊಂದಾಗಿ ಕಿತ್ತು ಸೀಮೆಎಣ್ಣೆಗೆ ಹಾಕುವುದು, ಬೇವಿನೆಣ್ಣೆ ಹಚ್ಚುವುದು, ಹೊಗೆಸೊಪ್ಪಿನ ನೀರಿನಲ್ಲಿ ತೊಳೆಯುವುದು, ಇವೇ ಹಿಂದಿನವರ ಉಪಾಯಗಳು. ರಕ್ತ ಹೀರುತ್ತದೆ, ತುರಿಕೆ ತರುತ್ತದೆ, ಅಷ್ಟೇ ಎಂಬ ಭಾವನೆ ಇತ್ತು.

ಈ ಭಾವನೆಯನ್ನು ಮೊದಲು ಅಲುಗಿಸಿದ್ದು ದನಗಳ ಜ್ವರ. 1893ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು ಟೆಕ್ಸಾಸ್ ಜ್ವರವನ್ನು ಉಣ್ಣೆಯೇ ಹರಡುತ್ತದೆಂದು ತೋರಿಸಿದರು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡದ್ದು 1897ರಲ್ಲಿ. ಅಂದರೆ ಸೊಳ್ಳೆಗಿಂತ ನಾಲ್ಕು ವರ್ಷ ಮೊದಲೇ ಉಣ್ಣೆ ಸಿಕ್ಕಿಬಿದ್ದಿತ್ತು! 1901ರಲ್ಲಿ ದಕ್ಷಿಣ ಆಫ್ರಿಕದ ಲೌನ್ಸ್‌ಬರಿ, ನಾಯಿಗಳ ಮಾರಕ ಕಾಮಾಲೆಗೂ ಉಣ್ಣೆಯೇ ವಾಹಕವೆಂದು ಸಾಧಿಸಿದರು.

ಮುಂದಿನ ಅಧ್ಯಾಯ ನಮ್ಮ ದಕ್ಷಿಣದ್ದೇ. ನಾಯಿಯ ರಕ್ತಕಣಗಳನ್ನು ಒಡೆಯುವ ಸೂಕ್ಷ್ಮಜೀವಿಯು ಉಣ್ಣೆಯ ದೇಹದೊಳಗೆ ಹೇಗೆ ಬೆಳೆಯುತ್ತದೆಂಬುದನ್ನು ಕುರಿತು ಕ್ರಿಸ್ಟಫರ್ಸ್ ಎಂಬ ವೈದ್ಯಾಧಿಕಾರಿ 1907ರಲ್ಲಿ ಭಾರತ ಸರ್ಕಾರದ ವೈಜ್ಞಾನಿಕ ಪ್ರಕಟಣೆಯಾಗಿ ಬರೆದರು. 1910ರಲ್ಲಿ ಪ್ಯಾಟನ್ ಎಂಬವರು ಮದರಾಸ್ ಹಂಟ್ ಎಂಬ ಬೇಟೆಕೂಟದ ನಾಯಿಗಳ ರಕ್ತದಲ್ಲಿ ಅದೇ ಜಾತಿಯ ಇನ್ನೊಂದು ಜೀವಿಯನ್ನು ಕಂಡರು; ಆಮೇಲೆ ಅದು ನರಿಯ ರಕ್ತದಲ್ಲೂ ಸಿಕ್ಕಿತು. ಇಂದು ಬಬೇಸಿಯ ಗಿಬ್ಸೋನಿ ಎನ್ನುವುದು ಅದನ್ನೇ. ಬೇಟೆಗಾರ ನಾಯಿಗೂ ಬೇಟೆಯಾಗುವ ನರಿಗೂ ಒಂದೇ ರೋಗಾಣು!

1935ರಲ್ಲಿ ಆಲ್ಜೀರಿಯದಲ್ಲಿ ಮತ್ತೊಂದು ಉಣ್ಣೆಜ್ವರ ಪತ್ತೆಯಾಯಿತು. ಎರ್ಲಿಕಿಯ ಎಂಬ ಈ ರೋಗದ ಕಡೆ ಜಗತ್ತಿನ ಗಮನ ಸರಿಯಾಗಿ ಹರಿದದ್ದು ವಿಯೆಟ್ನಾಂ ಯುದ್ಧಕಾಲದಲ್ಲಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸೈನ್ಯದ ಜರ್ಮನ್ ಷೆಫರ್ಡ್ ನಾಯಿಗಳು ಮೂಗಿನಿಂದ ರಕ್ತ ಸುರಿಸುತ್ತ ದೊಡ್ಡ ಸಂಖ್ಯೆಯಲ್ಲಿ ಸತ್ತವು. ಟೆಟ್ರಾಸೈಕ್ಲಿನ್ ಜಾತಿಯ ಔಷಧ ಈ ರೋಗಕ್ಕೆ ನಾಟುತ್ತದೆಂಬುದು ಸಮಾಧಾನದ ಸಂಗತಿ. ಆದರೆ ರೋಗ ಬೇಗ ಗೊತ್ತಾಗಬೇಕು.

ಕನ್ನಡಿಗರಾದ ನಮಗೆ ಉಣ್ಣೆಯ ಹೆಸರು ಕೇಳಿದೊಡನೆ ಇನ್ನೊಂದು ನೆನಪೂ ಬರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು; ಹಿಂದೆಯೇ ಜನರೂ ಜ್ವರದಿಂದ ಸತ್ತರು. ಹಳದಿ ಜ್ವರವೇ ಬಂತೇನೋ ಎಂಬ ಆತಂಕದಿಂದ ಓಡಿಬಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿನ ಉಣ್ಣೆ ಹರಡುವ ಹೊಸ ವೈರಸ್ಸನ್ನು ಕಂಡುಹಿಡಿದರು. ಅದೇ ಮಂಗನ ಕಾಯಿಲೆ. 2015ರಲ್ಲಿ ಅದು ನಮ್ಮ ಕೇರಳದ ವಯನಾಡಿನಲ್ಲೂ ಜೀವಗಳನ್ನು ಬಲಿ ತೆಗೆದುಕೊಂಡಿತು. ಒಂದು ಮಾತು ಸ್ಪಷ್ಟವಾಗಿರಲಿ: ಆ ಕಾಯಿಲೆಯ ಮುಖ್ಯ ವಾಹಕ ಹೀಮಾಫೈಸಾಲಿಸ್ ಎಂಬ ಕಾಡಿನ ಉಣ್ಣೆ, ಊರಮನೆಯ ನಾಯಿಯ ಕಂದು ಉಣ್ಣೆಯಲ್ಲ. ಎರಡನ್ನೂ ಒಂದೇ ಎಂದು ಬಗೆದು ನಾಯಿಯನ್ನು ಕಂಡರೆ ಬೆಚ್ಚುವುದು ತರವಲ್ಲ.

ಇನ್ನು ಆಯುಧಗಳ ಕಥೆ. 1939ರಲ್ಲಿ ಪಾಲ್ ಮ್ಯೂಲರ್ ಡಿ.ಡಿ.ಟಿ.ಯ ಶಕ್ತಿಯನ್ನು ಕಂಡುಕೊಂಡು 1948ರಲ್ಲಿ ನೊಬೆಲ್ ಬಹುಮಾನ ಪಡೆದರು. ಬಳಿಕ ಬಿ.ಎಚ್.ಸಿ. ಪುಡಿ ಬಂತು. ಆದರೆ ನಾಯಿ ಮೈ ನೆಕ್ಕುವ ಪ್ರಾಣಿ. ಮೈಗೆ ಎರಚಿದ್ದು ಹೊಟ್ಟೆಗೂ ಹೋಗುತ್ತದೆ. ಬಿ.ಎಚ್.ಸಿ.ಯನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಈಗ ಬೆನ್ನಿನ ಮೇಲೆ ಬಿಡುವ ಫಿಪ್ರೊನಿಲ್ ಹನಿಗಳಿವೆ. 2013ರಿಂದೀಚೆಗೆ ತಿನ್ನಿಸುವ ಮಾತ್ರೆಗಳೂ ಬಂದಿವೆ. ಯಾವುದು, ಎಷ್ಟು ಎಂಬುದನ್ನು ನಾಯಿಯ ತೂಕ, ವಯಸ್ಸು ನೋಡಿ ಪಶುವೈದ್ಯರೇ ಹೇಳಬೇಕು. ನಾಯಿಗೆ ಒಗ್ಗುವ ಪರ್ಮೆತ್ರಿನ್ ಬೆಕ್ಕಿಗೆ ವಿಷ. ದನದ ಕೊಟ್ಟಿಗೆಗೆ ತಂದ ಔಷಧವನ್ನು ಅಂದಾಜಿನ ಮೇಲೆ ನಾಯಿಗೆ ಸುರಿಯುವುದಂತೂ ಕೂಡದು.

ಇಷ್ಟೆಲ್ಲ ಇದ್ದೂ ಉಣ್ಣೆ ಮರಳಿ ಬರುವುದೇಕೆ? ಮರಿ, ಎಳೆಯದು, ಬೆಳೆದದ್ದು ಎಂಬ ಮೂರು ಅವಸ್ಥೆಗಳಲ್ಲೂ ಅದು ನಾಯಿಯ ರಕ್ತ ಕುಡಿದು ಪ್ರತಿಸಲವೂ ಕೆಳಗೆ ಬೀಳುತ್ತದೆ. ಗೋಡೆಯ ಬಿರುಕು, ಬಾಗಿಲ ಸಂದು, ಮಂಚದ ಕೆಳಗೆ ಅಡಗುತ್ತದೆ. ಹೆಣ್ಣು ಅಲ್ಲೇ ಸಾವಿರಾರು ಮೊಟ್ಟೆಯಿಡುತ್ತದೆ. ಆಹಾರವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ಕೊಚ್ಚಿಯ ಬೆಚ್ಚನೆಯ ಹವೆಯಲ್ಲಿ ಅದಕ್ಕೆ ವರ್ಷವಿಡೀ ಸುಗ್ಗಿಯೇ! ಆದಕಾರಣ ನಾಯಿಯನ್ನು ಹೊರಗಟ್ಟಿದರೆ ಗೋಡೆ ಶುದ್ಧವಾಗದು. ಬಿರುಕಿನಲ್ಲಿ ಕುಳಿತದ್ದು ಹಸಿದು, ಸಿಕ್ಕಿದವರ ಮೈಗೇ ಏರಬಹುದು.

ಮಾಡಬೇಕಾದ್ದು ಇಷ್ಟೇ: ನಾಯಿಗೆ ಔಷಧ, ಗೋಡೆಯ ಬಿರುಕಿಗೆ ಗಾರೆ, ಅದು ಮಲಗುವ ಚೀಲಕ್ಕೆ ಕುದಿನೀರು. ದಿನಕ್ಕೊಮ್ಮೆ ಕಿವಿಯೊಳಗೂ ಬೆರಳ ಸಂದಿಗಳಲ್ಲೂ ನೋಡಬೇಕು. ಉಣ್ಣೆ ಕಂಡರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು, ಬೆರಳಲ್ಲಿ ಹಿಚುಕಬಾರದು. ನಾಯಿ ಊಟ ಬಿಟ್ಟು, ಒಸಡು ಬಿಳಿಚಿಕೊಂಡರೆ ಅಂದೇ ವೈದ್ಯರ ಬಳಿ ಒಯ್ಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗೋಡೆ ಹಂಚಿಕೊಂಡ ಮನೆಗಳವರು ಮಾತಾಡಿಕೊಂಡು ಒಂದೇ ವಾರದಲ್ಲಿ ಈ ಕೆಲಸ ಮಾಡಬೇಕು. ನಮ್ಮ ಓಣಿಗಳಲ್ಲಿ ಕನ್ನಡ, ಕೊಂಕಣಿ, ಮಲಯಾಳ, ತಮಿಳು, ಗುಜರಾತಿ ಎಲ್ಲವೂ ಕೇಳಿಬರುತ್ತವೆ. ಉಣ್ಣೆ ಯಾವ ಭಾಷೆಯ ಗೋಡೆಯೆಂದು ನೋಡುವುದಿಲ್ಲ. ನಾವೂ ನೋಡದೆ ಪಕ್ಕದ ಮನೆಯ ಬಾಗಿಲು ತಟ್ಟಿದರೆ, ಬೀದಿಗೆ ಬೀಳುವ ನಾಯಿಗಳಲ್ಲಿ ಒಂದೆರಡಾದರೂ ಮನೆಯಲ್ಲೇ ಉಳಿದಾವು.