ಎತ್ತರಿಸಿದ ಜೀಪುಗಳಲ್ಲಿ ಶಾಕ್ ಅಬ್ಸಾರ್ಬರ್ ಆಯ್ಕೆ

ಶಾಕ್ ಅಬ್ಸಾರ್ಬರ್ ಅಥವಾ ಆಘಾತಶೋಷಕವು ವಾಹನದ ಸ್ಪ್ರಿಂಗುಗಳ ತೂಗಾಟವನ್ನು ಹತೋಟಿಯಲ್ಲಿಟ್ಟು, ಚಕ್ರಗಳು ನೆಲದ ಸಂಪರ್ಕವನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವ ಸಾಧನ. ಗ್ಯಾರೇಜುಗಳಲ್ಲಿ ಇದನ್ನು ಚಿಕ್ಕದಾಗಿ 'ಶಾಕ್ಸ್' ಎನ್ನುತ್ತಾರೆ. ಕಲ್ಲುಮುಳ್ಳಿನ ಹಾದಿ, ಹೊಲದ ದಾರಿ ಮತ್ತು ಕಾಡುರಸ್ತೆಗಳಲ್ಲಿ ಓಡಿಸುವುದಕ್ಕಾಗಿ ಜೀಪಿನಂತಹ ವಾಹನಗಳ ನೆಲದಂತರವನ್ನು ಹೆಚ್ಚಿಸುವ ರೂಢಿಯಿದೆ. ಹೀಗೆ ಎತ್ತರಿಸಿದ ವಾಹನಕ್ಕೆ ಮೂಲ ಶಾಕ್ ಅಬ್ಸಾರ್ಬರುಗಳು ಹೊಂದದಿರುವುದರಿಂದ ಹೊಸದನ್ನು ಆರಿಸಬೇಕಾಗುತ್ತದೆ. ಈ ಆಯ್ಕೆಯು ಪ್ರಯಾಣದ ಸುಖಕ್ಕೆ ಮಾತ್ರವಲ್ಲದೆ ಬ್ರೇಕಿನ ಹಿಡಿತ, ತಿರುವಿನಲ್ಲಿನ ಸ್ಥಿರತೆ ಮತ್ತು ಕಾನೂನಿನ ಪಾಲನೆಗೂ ಸಂಬಂಧಿಸಿದೆ.

ಇತಿಹಾಸ

ಕುದುರೆ ಸಾರೋಟುಗಳ ಕಾಲದಿಂದಲೂ ಉಕ್ಕಿನ ಪಟ್ಟಿ ಸ್ಪ್ರಿಂಗುಗಳು ಬಳಕೆಯಲ್ಲಿದ್ದವು. ಪಟ್ಟಿಗಳು ಒಂದರ ಮೇಲೊಂದು ಉಜ್ಜಿಕೊಳ್ಳುವ ಘರ್ಷಣೆಯೇ ತೂಗಾಟವನ್ನು ಅಷ್ಟಿಷ್ಟು ತಡೆಯುತ್ತಿತ್ತು. ಮೋಟಾರು ವಾಹನಗಳ ವೇಗ ಹೆಚ್ಚಿದಂತೆ ಅದು ಸಾಲದಾಯಿತು. 20ನೆಯ ಶತಮಾನದ ಆರಂಭದಲ್ಲಿ ಘರ್ಷಣೆಯಿಂದ ಕೆಲಸಮಾಡುವ ತಟ್ಟೆಗಳ ಸಾಧನಗಳೂ ಅನಂತರ ಎಣ್ಣೆಯ ಸಾಧನಗಳೂ ಬಂದವು. ಕೊಳವೆಯೊಳಗೆ ಕೊಳವೆ ಸರಿಯುವ ಇಂದಿನ ರೂಪವು 1930ರ ದಶಕದಿಂದ ವ್ಯಾಪಕವಾಯಿತು. ಫ್ರಾನ್ಸಿನ ಎಂಜಿನಿಯರ್ ಕ್ರಿಶ್ಚಿಯನ್ ಬೂರ್ಸಿಯೆ ದ ಕಾರ್ಬನ್ 1950ರ ದಶಕದಲ್ಲಿ ಅಧಿಕ ಒತ್ತಡದ ಅನಿಲವನ್ನು ಬಳಸುವ ಏಕಕೊಳವೆ ಮಾದರಿಯನ್ನು ರೂಪಿಸಿದನು.

ಭಾರತದಲ್ಲಿ ಮಹೀಂದ್ರ ಸಂಸ್ಥೆಯು 1947ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಆ ಜೀಪುಗಳ ನಾಲ್ಕೂ ಚಕ್ರಗಳಿಗೆ ಪಟ್ಟಿ ಸ್ಪ್ರಿಂಗುಗಳಿದ್ದವು. 1961ರಲ್ಲಿ ಸ್ಥಾಪನೆಯಾದ ಗೇಬ್ರಿಯಲ್ ಇಂಡಿಯಾ ದೇಶದ ಹಳೆಯ ಶಾಕ್ ಅಬ್ಸಾರ್ಬರ್ ತಯಾರಕರಲ್ಲಿ ಒಂದು. 1985ರಲ್ಲಿ ಬಂದ ಮಾರುತಿ ಜಿಪ್ಸಿಯೂ ಪಟ್ಟಿ ಸ್ಪ್ರಿಂಗಿನ ವಾಹನವೇ. 2010ರ ಮಹೀಂದ್ರ ಥಾರ್ ವಾಹನದ ಸಿಆರ್‌ಡಿಇ ಮಾದರಿಯಲ್ಲಿ ಮುಂದೆ ತಿರುಚು ಸರಳು ಅಂದರೆ ಟಾರ್ಷನ್ ಬಾರ್, ಹಿಂದೆ ಪಟ್ಟಿ ಸ್ಪ್ರಿಂಗು ಇದ್ದವು. 2020ರ ಥಾರ್‌ನಲ್ಲಿ ಮುಂದೆಯೂ ಹಿಂದೆಯೂ ಸುರುಳಿ ಸ್ಪ್ರಿಂಗುಗಳಿವೆ. ಅದರ ನೆಲದಂತರ 226 ಮಿ.ಮೀ. 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮಾರುತಿ ಸುಜುಕಿ ಜಿಮ್ನಿಯಲ್ಲಿ ಎರಡೂ ಕಡೆ ಅಖಂಡ ಅಚ್ಚು ಮತ್ತು ಸುರುಳಿ ಸ್ಪ್ರಿಂಗುಗಳಿದ್ದು, ನೆಲದಂತರ 210 ಮಿ.ಮೀ. ಇದೆ. ವಾಹನದ ಸ್ಪ್ರಿಂಗಿನ ಬಗೆಯನ್ನು ಅನುಸರಿಸಿ ಎತ್ತರಿಸುವ ವಿಧಾನವೂ ಶಾಕ್‌ನ ಆಯ್ಕೆಯೂ ಬದಲಾಗುತ್ತವೆ.

ಕಾರ್ಯವಿಧಾನ

ಹೆಸರಿನಲ್ಲಿ 'ಆಘಾತ' ಎಂಬ ಪದವಿದ್ದರೂ ಗುಂಡಿಯ ಹೊಡೆತವನ್ನು ಮೊದಲು ತಾಳಿಕೊಳ್ಳುವವು ಟೈರು ಮತ್ತು ಸ್ಪ್ರಿಂಗು. ಕುಗ್ಗಿದ ಸ್ಪ್ರಿಂಗು ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನು ಮರಳಿ ಕೊಡುವಾಗ ವಾಹನವು ಮೇಲೆ ಕೆಳಗೆ ಜೀಕತೊಡಗುತ್ತದೆ. ಶಾಕ್ ಅಬ್ಸಾರ್ಬರಿನೊಳಗಿನ ಪಿಸ್ಟನ್ನು ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ಹಾಯಿಸುತ್ತದೆ. ಆ ತಡೆಯಿಂದಾಗಿ ಜೀಕಿನ ಶಕ್ತಿಯು ಶಾಖವಾಗಿ ಹೊರಹೋಗುತ್ತದೆ. ಒಳ್ಳೆಯ ಹಾದಿಗಿಂತ ಕೆಟ್ಟ ಹಾದಿಯಲ್ಲಿ ಶಾಕ್ ಹೆಚ್ಚು ಬಿಸಿಯಾಗುವುದು ಇದರಿಂದಲೇ.

ಶಾಕ್ ಅಬ್ಸಾರ್ಬರಿನ ತಡೆಯಲ್ಲಿ ಎರಡು ದಿಕ್ಕುಗಳಿವೆ. ಚಕ್ರವು ಮೇಲಕ್ಕೆ ಒತ್ತಲ್ಪಡುವಾಗಿನದು ಕುಗ್ಗುವಿಕೆಯ ತಡೆ; ಸ್ಪ್ರಿಂಗು ಮರಳಿ ಹಿಗ್ಗುವಾಗಿನದು ಹಿಗ್ಗುವಿಕೆಯ ತಡೆ. ಸಾಮಾನ್ಯವಾಗಿ ಎರಡನೆಯದನ್ನೇ ಹೆಚ್ಚು ಬಿಗಿಯಾಗಿಡುತ್ತಾರೆ. ಇದಲ್ಲದೆ ಪಿಸ್ಟನ್ನಿನ ವೇಗಕ್ಕೆ ಅನುಗುಣವಾಗಿಯೂ ತಡೆ ಬದಲಾಗುತ್ತದೆ. ಇಲ್ಲಿ ವೇಗವೆಂದರೆ ವಾಹನದ ವೇಗವಲ್ಲ, ಪಿಸ್ಟನ್ನು ಸರಿಯುವ ವೇಗ. ತಿರುವಿನಲ್ಲಿ ವಾಹನ ವಾಲುವಾಗ, ಬ್ರೇಕ್ ಹಾಕಿದಾಗ ಮೂತಿ ತಗ್ಗುವಾಗ ಪಿಸ್ಟನ್ನು ನಿಧಾನವಾಗಿ ಚಲಿಸುತ್ತದೆ. ಚೂಪು ಕಲ್ಲಿಗೆ ಚಕ್ರ ಬಡಿದಾಗ ಬಹಳ ಬೇಗ ಚಲಿಸುತ್ತದೆ.

ಕಲಬುರಗಿ ಭಾಗದ ಹಾದಿಗಳು

ಕಲಬುರಗಿ ಜಿಲ್ಲೆಯ ಬಹುಭಾಗ ಎರೆಮಣ್ಣಿನ ನೆಲ. ಈ ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕುಬಿಡುತ್ತದೆ. ಇದರಿಂದ ಅದರ ಮೇಲಿನ ಡಾಂಬರು ರಸ್ತೆಯೂ ಕಾಲಕ್ರಮೇಣ ಅಲೆಅಲೆಯಾಗುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಗಳಲ್ಲಿ ಸುಣ್ಣಕಲ್ಲಿನ ಗಣಿಗಳಿದ್ದು, ಅಲ್ಲಿನ ಕಚ್ಚಾ ದಾರಿಗಳಲ್ಲಿ ಕಲ್ಲಿನ ಚೂರುಗಳು ಹೆಚ್ಚು. ಕಲಬುರಗಿಯಿಂದ ಕಮಲಾಪುರದ ಮೂಲಕ ಹುಮನಾಬಾದ್‌ಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಹಳ್ಳಿಗಳತ್ತ ಹೊರಳಿದರೆ ಅಥವಾ ಚಿಂಚೋಳಿಯ ಕಾಡಿನತ್ತ ಸಾಗಿದರೆ ಮಣ್ಣುರಸ್ತೆಗಳು ಎದುರಾಗುತ್ತವೆ.

ಈ ಎರಡು ಬಗೆಯ ಹಾದಿಗಳು ಶಾಕ್ ಅಬ್ಸಾರ್ಬರಿನಿಂದ ಬೇರೆ ಬೇರೆ ಗುಣಗಳನ್ನು ಬೇಡುತ್ತವೆ. ಉದಾಹರಣೆಗೆ, 15 ಮೀಟರಿಗೊಂದರಂತೆ ಅಲೆಯೆದ್ದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ ವಾಹನಕ್ಕೆ ಸೆಕೆಂಡಿಗೆ ಸುಮಾರು 1.1 ಬಾರಿ ಉಬ್ಬು ಎದುರಾಗುತ್ತದೆ. ಸ್ಪ್ರಿಂಗುಗಳ ಮೇಲೆ ವಾಹನದ ಒಡಲು ತಾನಾಗಿ ತೂಗುವ ಗತಿಯೂ ಹೆಚ್ಚುಕಡಿಮೆ ಸೆಕೆಂಡಿಗೆ 1ರಿಂದ 1.5 ಬಾರಿ. ಎರಡೂ ಗತಿಗಳು ಹೊಂದಿಕೊಂಡಾಗ, ತೊಟ್ಟಿಲನ್ನು ತಕ್ಕ ಸಮಯಕ್ಕೆ ನೂಕಿದಂತೆ ತೂಗಾಟ ಬೆಳೆಯುತ್ತದೆ. ಇದನ್ನು ತಡೆಯಲು ಪಿಸ್ಟನ್ನಿನ ನಿಧಾನ ಚಲನೆಯಲ್ಲಿ ಒಳ್ಳೆಯ ಬಿಗಿ ಬೇಕು.

ಮಣ್ಣುರಸ್ತೆಯಲ್ಲಿ ರೊಟ್ಟಿಯ ಹಂಚಿನಷ್ಟು ಅಗಲಕ್ಕೆ ಸಾಲುಗಟ್ಟಿರುವ ಸಣ್ಣ ಏರಿಳಿತಗಳ ವಿಷಯ ಬೇರೆ. 60 ಸೆಂ.ಮೀ.ಗೊಂದು ಏರು ಇರುವಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 12 ಹೊಡೆತಗಳು ಬೀಳುತ್ತವೆ. ಚಕ್ರ ಮತ್ತು ಅಚ್ಚುಗಳು ತಾವಾಗಿ ಕುಣಿಯುವ ಗತಿ ಸೆಕೆಂಡಿಗೆ ಸುಮಾರು 10ರಿಂದ 15 ಬಾರಿ ಇರುವುದರಿಂದ ಆಗ ಚಕ್ರಗಳು ನೆಲದಿಂದ ಚಿಮ್ಮುತ್ತವೆ. ಇಲ್ಲಿ ಕುಗ್ಗುವಿಕೆಯ ತಡೆ ಮಿತಿಮೀರಿದ್ದರೆ ಹೊಡೆತ ನೇರವಾಗಿ ಒಡಲಿಗೆ ತಲುಪುತ್ತದೆ. ಆದ್ದರಿಂದ ನಿಧಾನ ಚಲನೆಗೆ ಬಿಗಿಯಾಗಿಯೂ ವೇಗದ ಚಲನೆಗೆ ಕವಾಟ ತೆರೆದು ಸಡಿಲವಾಗಿಯೂ ವರ್ತಿಸುವ ಶಾಕ್ ಇಂತಹ ಮಿಶ್ರ ಹಾದಿಗಳಿಗೆ ಒಪ್ಪುತ್ತದೆ. ಮೇ ತಿಂಗಳಲ್ಲಿ ಈ ಭಾಗದ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಎಣ್ಣೆ ತಂಪಾಗುವ ವ್ಯವಸ್ಥೆಯನ್ನೂ ಗಮನಿಸಬೇಕಾಗುತ್ತದೆ.

ಕೊಡಗಿನ ಮಾಂದಲಪಟ್ಟಿ ಮತ್ತು ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿಯ ಜೀಪು ದಾರಿಗಳ ಸ್ವರೂಪ ಇದಕ್ಕಿಂತ ಭಿನ್ನ. ಅಲ್ಲಿ ವೇಗ ಕಡಿಮೆ, ಕೊರಕಲು ಹೆಚ್ಚು. ಎಣ್ಣೆ ತಂಪಾಗುವುದಕ್ಕಿಂತ ಚಕ್ರವು ಎಷ್ಟು ಕೆಳಗೆ ಇಳಿಯಬಲ್ಲದು ಎಂಬುದೇ ಅಲ್ಲಿ ಮುಖ್ಯ.

ವಿಧಗಳು

ಜೋಡಿಕೊಳವೆ: ಒಳಕೊಳವೆಯಲ್ಲಿ ಪಿಸ್ಟನ್ನು, ಹೊರಕೊಳವೆಯಲ್ಲಿ ಹೆಚ್ಚುವರಿ ಎಣ್ಣೆ ಇರುತ್ತದೆ. ಬೆಲೆ ಕಡಿಮೆ, ಮೃದುವಾದ ಸವಾರಿ, ಹೊರಕೊಳವೆಗೆ ಕಲ್ಲು ತಾಗಿ ಸಣ್ಣ ತಗ್ಗು ಬಿದ್ದರೂ ಕೆಲಸ ನಿಲ್ಲುವುದಿಲ್ಲ. ಆದರೆ ಸತತ ಕುಲುಕಾಟದಲ್ಲಿ ಎಣ್ಣೆ ನೊರೆಯಾಗಿ ಹಿಡಿತ ಕುಂದಬಹುದು. ಕಡಿಮೆ ಒತ್ತಡದ ನೈಟ್ರೋಜನ್ ಅನಿಲವನ್ನು ತುಂಬಿದ ಮಾದರಿಗಳಲ್ಲಿ ಈ ದೋಷ ಕಡಿಮೆ.

ಏಕಕೊಳವೆ: ಒಂದೇ ಕೊಳವೆಯಲ್ಲಿ ಎಣ್ಣೆಯನ್ನೂ ಅಧಿಕ ಒತ್ತಡದ ನೈಟ್ರೋಜನನ್ನೂ ತೇಲುವ ಬಿಲ್ಲೆಯೊಂದು ಬೇರ್ಪಡಿಸುತ್ತದೆ. ನೊರೆಯ ತೊಂದರೆಯಿಲ್ಲ, ಶಾಖ ನೇರವಾಗಿ ಗಾಳಿಗೆ ಸೇರುತ್ತದೆ. ಕೊಳವೆಗೆ ಆಳವಾದ ತಗ್ಗು ಬಿದ್ದರೆ ಮಾತ್ರ ಪಿಸ್ಟನ್ನು ಸಿಕ್ಕಿಕೊಳ್ಳುತ್ತದೆ. ಅನಿಲದ ಒತ್ತಡವು ದಂಡವನ್ನು ಹೊರಕ್ಕೆ ನೂಕುವುದರಿಂದ ವಾಹನ ಒಂದಿಷ್ಟು ಎತ್ತರಕ್ಕೇರುತ್ತದೆ: 25 ಬಾರ್ ಒತ್ತಡದಲ್ಲಿ 18 ಮಿ.ಮೀ. ದಪ್ಪದ ದಂಡದ ಮೇಲಿನ ಬಲ ಸುಮಾರು 65 ಕಿಲೋಗ್ರಾಂ ತೂಕಕ್ಕೆ ಸಮ.

ಹೊರತೊಟ್ಟಿಯ ಮಾದರಿ: ಎಣ್ಣೆ ಮತ್ತು ಅನಿಲಕ್ಕೆ ಪ್ರತ್ಯೇಕ ತೊಟ್ಟಿ ಇರುತ್ತದೆ. ಎಣ್ಣೆಯ ಪ್ರಮಾಣ ಹೆಚ್ಚಾಗಿ, ಬಿಸಿಯಾಗುವುದು ನಿಧಾನವಾಗುತ್ತದೆ. ವೇಗದ ದೀರ್ಘ ಓಟಗಳಿಗೆ ಇದು ತಕ್ಕದ್ದು. ದಿನಬಳಕೆಯ ವಾಹನಕ್ಕೆ ಇದರ ವೆಚ್ಚ ಸಾಮಾನ್ಯವಾಗಿ ಅನಗತ್ಯ.

ಹೊಂದಿಸಬಹುದಾದ ಮಾದರಿ: ತಿರುಗಣೆಯ ಮೂಲಕ ತಡೆಯನ್ನು ಹೆಚ್ಚು ಕಡಿಮೆ ಮಾಡಬಹುದು. ಹೊರೆ ಪದೇ ಪದೇ ಬದಲಾಗುವ ವಾಹನಗಳಿಗೆ ಉಪಯುಕ್ತ.

ಎತ್ತರಿಸುವಿಕೆಯ ಪರಿಣಾಮ

ಉದ್ದನೆಯ ಸ್ಪ್ರಿಂಗು, ಹೆಚ್ಚುವರಿ ಪಟ್ಟಿ, ಸ್ಪ್ರಿಂಗಿನ ಮೇಲೆ ಕೂರಿಸುವ ಬಿಲ್ಲೆ, ಇಲ್ಲವೆ ತಿರುಚು ಸರಳಿನ ಬಿಗಿತ, ಇವುಗಳಿಂದ ವಾಹನವನ್ನು ಎತ್ತರಿಸುತ್ತಾರೆ. ಮೂಲ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ ಅದು ನಿಂತ ಸ್ಥಿತಿಯಲ್ಲಿಯೇ ಹೆಚ್ಚು ಹಿಗ್ಗಿರುತ್ತದೆ. ಆಗ ಚಕ್ರ ಸ್ವಲ್ಪ ಕೆಳಗಿಳಿದರೂ ದಂಡವು ತುದಿಗೆ ಬಡಿದು 'ಟಕ್' ಎಂಬ ಸದ್ದಾಗುತ್ತದೆ. ಇದನ್ನು ಸ್ಪ್ರಿಂಗಿನ ಗಡಸುತನವೆಂದು ತಪ್ಪಾಗಿ ತಿಳಿಯುವುದುಂಟು. ತಿರುಚು ಸರಳನ್ನು ಬಿಗಿದಾಗ ಸರಳಿನ ಗಡಸುತನವೇನೂ ಹೆಚ್ಚುವುದಿಲ್ಲ. ಚಕ್ರ ಕೆಳಗಿಳಿಯುವ ಅವಕಾಶ ಕಡಿಮೆಯಾಗುವುದರಿಂದಲೇ ಸವಾರಿ ಒರಟಾಗುತ್ತದೆ.

ಆಯ್ಕೆಯ ಕ್ರಮ

1. ಹೊರೆಯ ನಿರ್ಧಾರ: ಉಕ್ಕಿನ ಬಂಪರು, ವಿಂಚು, ಮೇಲ್ಛಾವಣಿಯ ಸರಂಜಾಮು ಇವುಗಳ ತೂಕವನ್ನು ಮೊದಲು ಲೆಕ್ಕಹಾಕಬೇಕು. ಭಾರದ ಹೊರೆಗೆಂದು ಮಾಡಿದ ಸ್ಪ್ರಿಂಗನ್ನು ಖಾಲಿ ಓಡುವ ವಾಹನಕ್ಕೆ ಹಾಕಿದರೆ ಎಂತಹ ದುಬಾರಿ ಶಾಕ್ ಕೂಡ ಅದನ್ನು ಮೃದುಗೊಳಿಸಲಾರದು.

2. ಸ್ಪ್ರಿಂಗಿನ ಆಯ್ಕೆ: ಹೊರೆಗೆ ತಕ್ಕ ಸ್ಪ್ರಿಂಗನ್ನು ಆರಿಸಿದ ಮೇಲೆಯೇ ಶಾಕ್‌ನ ವಿಚಾರ. ಬೇಕಾಗುವ ತಡೆಯು ಸ್ಪ್ರಿಂಗಿನ ಗಡಸುತನದ ವರ್ಗಮೂಲವನ್ನು ಅನುಸರಿಸುತ್ತದೆ. ತೂಕ ಬದಲಾಗದೆ ಸ್ಪ್ರಿಂಗಿನ ಗಡಸುತನ ಶೇಕಡ 21ರಷ್ಟು ಹೆಚ್ಚಿದರೆ ತಡೆಯನ್ನು ಶೇಕಡ 10ರಷ್ಟು ಹೆಚ್ಚಿಸಿದರೆ ಸಾಕು.

3. ಉದ್ದದ ಅಳತೆ: ಶಾಕ್‌ನ ಮೇಲಿನ ಮತ್ತು ಕೆಳಗಿನ ಕೂಡುಗಳ ನಡುವಿನ ಅಂತರವನ್ನು ಮೂರು ಸ್ಥಿತಿಗಳಲ್ಲಿ ಅಳೆಯಬೇಕು: ಸಮನೆಲದಲ್ಲಿ ನಿಂತಾಗ, ಚಕ್ರ ಪೂರ್ತಿ ಜೋತಾಗ ಮತ್ತು ಅಚ್ಚು ರಬ್ಬರಿನ ತಡೆಗಟ್ಟೆಗೆ ತಾಗಿದಾಗ. ಜೋತಾಗ 560 ಮಿ.ಮೀ., ತಾಗಿದಾಗ 365 ಮಿ.ಮೀ. ಇದ್ದರೆ, ಹಿಗ್ಗಿದಾಗ ಸುಮಾರು 570 ಮತ್ತು ಕುಗ್ಗಿದಾಗ ಸುಮಾರು 350 ಮಿ.ಮೀ. ಇರುವ ಶಾಕ್ ಹೊಂದುತ್ತದೆ. ಕುಗ್ಗಿದ ಉದ್ದ ಇದಕ್ಕಿಂತ ಹೆಚ್ಚಾದರೆ ರಬ್ಬರಿನ ಬದಲು ಶಾಕ್ ಹೊಡೆತ ತಿಂದು ಮುರಿಯುತ್ತದೆ. ಕೆಲವು ವಾಹನಗಳಲ್ಲಿ ಚಕ್ರ ಕೆಳಗಿಳಿಯುವುದನ್ನು ಶಾಕ್ ಅಬ್ಸಾರ್ಬರೇ ತಡೆಯುತ್ತದೆ. ಅಲ್ಲಿ ಬ್ರೇಕಿನ ಮೆದುಕೊಳವೆ ಸೆಳೆಯದಷ್ಟು, ಸುರುಳಿ ಸ್ಪ್ರಿಂಗು ಕಳಚದಷ್ಟು ಮಾತ್ರ ಉದ್ದವಿರಬೇಕು.

4. ತಡೆಯ ಸ್ವರೂಪ: ಸುಖಸವಾರಿಗೆ ಕುಗ್ಗುವಿಕೆಯ ತಡೆ ಮಿತವಾಗಿಯೂ ಹಿಗ್ಗುವಿಕೆಯ ತಡೆ ಸ್ಪ್ರಿಂಗಿಗೆ ಸಮನಾಗಿಯೂ ಇರಬೇಕು. ಹಿಗ್ಗುವಿಕೆ ತೀರಾ ಬಿಗಿಯಾದರೆ ಸಾಲು ಗುಂಡಿಗಳಲ್ಲಿ ಚಕ್ರ ಮರಳಿ ಇಳಿಯುವ ಮೊದಲೇ ಮುಂದಿನ ಹೊಡೆತ ಬಿದ್ದು ವಾಹನ ಕುಸಿಯುತ್ತ ಹೋಗುತ್ತದೆ. ದೊಡ್ಡ, ಭಾರದ ಟೈರುಗಳನ್ನು ಹಾಕಿದರೆ ಕುಣಿಯುವ ತೂಕ ಹೆಚ್ಚಿ, ಶಾಕ್‌ನ ಮೇಲಿನ ಹೊಣೆಯೂ ಹೆಚ್ಚುತ್ತದೆ.

5. ಇತರ ಭಾಗಗಳ ಪರೀಕ್ಷೆ: ಸವೆದ ಬುಷ್‌ಗಳು, ತುಕ್ಕುಹಿಡಿದು ಅಂಟಿಕೊಂಡ ಪಟ್ಟಿಗಳು ಮತ್ತು ಅತಿಯಾದ ಟೈರ್ ಗಾಳಿ ಇವೆಲ್ಲ ಒರಟು ಸವಾರಿಗೆ ಕಾರಣಗಳು. ಹೊಸ ಶಾಕ್ ಕೊಳ್ಳುವ ಮುನ್ನ ಇವನ್ನು ಸರಿಪಡಿಸಿ ನೋಡುವುದು ಮಿತವ್ಯಯದ ಮಾರ್ಗ.

ಸುರಕ್ಷತೆ

ವಾಹನವನ್ನು ಎತ್ತರಿಸಿದಾಗ ಗುರುತ್ವಕೇಂದ್ರವೂ ಮೇಲೇರಿ, ಪಲ್ಟಿಯಾಗುವ ಸಂಭವ ಹೆಚ್ಚುತ್ತದೆ. ಎಡಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವಕೇಂದ್ರದ ಎತ್ತರದ ಇಮ್ಮಡಿಯಿಂದ ಭಾಗಿಸಿದರೆ ಸ್ಥಿರತೆಯ ಸೂಚ್ಯಂಕ ಸಿಗುತ್ತದೆ. ಚಕ್ರಗಳ ಅಂತರ 1500 ಮಿ.ಮೀ., ಗುರುತ್ವಕೇಂದ್ರದ ಎತ್ತರ 700 ಮಿ.ಮೀ. ಎಂದು ಭಾವಿಸಿದರೆ ಸೂಚ್ಯಂಕ 1.07. ಎತ್ತರ 745 ಮಿ.ಮೀ. ಆದರೆ ಅದು 1.01ಕ್ಕೆ ಇಳಿಯುತ್ತದೆ. ಒಳ್ಳೆಯ ಶಾಕ್ ಅಬ್ಸಾರ್ಬರು ವಾಲುವ ವೇಗವನ್ನು ತಗ್ಗಿಸುತ್ತದೆಯೇ ಹೊರತು ಈ ಲೆಕ್ಕವನ್ನು ಬದಲಿಸುವುದಿಲ್ಲ. ಎತ್ತರಿಸಿದ ಬಳಿಕ ಚಕ್ರಗಳ ಕೋನಜೋಡಣೆ, ಪ್ರೊಪೆಲರ್ ಶಾಫ್ಟಿನ ಓರೆ, ಬ್ರೇಕ್ ಕೊಳವೆಯ ಉದ್ದ ಮತ್ತು ಎದುರಿನವರ ಕಣ್ಣು ಕುಕ್ಕದಂತೆ ಮುಂದೀಪದ ದಿಕ್ಕು ಇವನ್ನು ಮರುಹೊಂದಿಸುವುದು ಅಗತ್ಯ.

ಕಾನೂನು

ನೋಂದಣಿ ಪ್ರಮಾಣಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣ ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸವೆದ ಶಾಕ್ ಅಬ್ಸಾರ್ಬರಿನ ಜಾಗದಲ್ಲಿ ಮೂಲ ಅಳತೆಯದನ್ನೇ ಹಾಕುವುದು ದುರಸ್ತಿಯ ಕೆಲಸ. ವಾಹನದ ಎತ್ತರವನ್ನು ಬದಲಿಸುವುದು ಬೇರೆಯ ಸಂಗತಿ. ಆದ್ದರಿಂದ ಎತ್ತರಿಸುವ ಮುನ್ನವೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಮತ್ತು ವಿಮಾ ಸಂಸ್ಥೆಗೆ ತಿಳಿಸುವುದು ಉಚಿತ. ಅಪಘಾತವಾದಾಗ ತಿಳಿಸದ ಮಾರ್ಪಾಡು ಪರಿಹಾರದ ವಿವಾದಕ್ಕೆ ಕಾರಣವಾಗಬಹುದು.

ಪಾಲನೆ

ದಂಡದ ಸುತ್ತ ಎಣ್ಣೆಯ ಜಿನುಗು, ಟೈರಿನಲ್ಲಿ ಅಲ್ಲಲ್ಲಿ ತಗ್ಗುತಗ್ಗಾದ ಸವೆತ, ಬ್ರೇಕ್ ಹಾಕಿದಾಗ ಮೂತಿ ಅತಿಯಾಗಿ ತಗ್ಗುವುದು ಮತ್ತು ಉಬ್ಬು ದಾಟಿದ ಮೇಲೂ ವಾಹನ ತೂಗುತ್ತಲೇ ಇರುವುದು ಶಾಕ್ ಸೋತಿರುವುದರ ಲಕ್ಷಣಗಳು. ಒಂದೇ ಅಚ್ಚಿನ ಎರಡೂ ಶಾಕ್‌ಗಳನ್ನು ಒಟ್ಟಿಗೆ ಬದಲಿಸಬೇಕು. ಒಂದನ್ನು ಮಾತ್ರ ಬದಲಿಸಿದರೆ ಎಡಬಲಗಳ ತಡೆ ಭಿನ್ನವಾಗಿ ವಾಹನ ಒಂದು ಬದಿಗೆ ಎಳೆಯುತ್ತದೆ. ಎರೆಮಣ್ಣಿನ ಕೆಸರು ಒಣಗಿದರೆ ಗಟ್ಟಿಯಾಗಿ ಅಂಟಿಕೊಂಡು ದಂಡದ ಮೇಲೆ ಗೀರು ಮಾಡುತ್ತದೆ. ಮಳೆಗಾಲದ ಓಡಾಟದ ಬಳಿಕ ಕೆಸರು ಒಣಗುವ ಮೊದಲೇ ಶಾಕ್‌ಗಳನ್ನು ನೀರಿನಿಂದ ತೊಳೆದರೆ ಎಣ್ಣೆ ತಡೆಯುವ ಸೀಲುಗಳು ಬಹುಕಾಲ ಬಾಳುತ್ತವೆ.