ಕಿಡಿ ಎಲ್ಲಿ ಕಳೆಯಿತು?

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಸೋದರಮಾವನವರ ತೋಟಕ್ಕೆ ಹೋಗಿದ್ದೆ. ಅಲ್ಲಿ ಗೊಬ್ಬರದ ಚೀಲಗಳ ಹಿಂದೆ ಎಷ್ಟೋ ವರ್ಷಗಳಿಂದ ನಿಂತುಹೋಗಿದ್ದ ಹಳೆಯ ಸೀಮೆ ಎಣ್ಣೆಯ ಟ್ರ್ಯಾಕ್ಟರೊಂದನ್ನು ಎಬ್ಬಿಸುವ ಪ್ರಯತ್ನ ನಡೆದಿತ್ತು. ಪೇಟೆಯಿಂದ ವಯಸ್ಸಾದ ಮೇಸ್ತ್ರಿಯೊಬ್ಬರು ಬಂದಿದ್ದರು. ಎಣ್ಣೆ ಇಳಿಯುತ್ತಿದೆ, ಎಂಜಿನ್ನು ತಿರುಗುತ್ತಿದೆ. ಆದರೆ ಯಂತ್ರಕ್ಕೆ ಜೀವ ಬರಲೊಲ್ಲದು. ಮೇಸ್ತ್ರಿಗಳು ಪ್ಲಗ್ಗಿನ ತಂತಿಯನ್ನು ಕಳಚಿ, ಅದರ ತುದಿಯನ್ನು ಎಂಜಿನ್ನಿನ ಮೈಯಿಂದ ಒಂದು ಭತ್ತದ ಕಾಳಿನಷ್ಟು ದೂರ ಹಿಡಿದು, ಮುಂದಿನ ಹಿಡಿಯನ್ನು ತಿರುಗಿಸುವಂತೆ ಹುಡುಗನಿಗೆ ಹೇಳಿದರು. “ಹೆಬ್ಬೆರಳು ಸುತ್ತಬೇಡವೋ, ಬೆರಳುಗಳ ಕಡೆಗೇ ಇರಲಿ” ಎಂದು ಗದರಿಸಿದರು. ಹುಡುಗ ತಿರುಗಿಸಿದ. ಏನೂ ಕಾಣಲಿಲ್ಲ.

“ಕಿಡಿ ಇಲ್ಲ ಮೇಷ್ಟ್ರೇ. ಎಲ್ಲಿ ಕಳೀತು ಅಂತ ಹಿಂದಕ್ಕೆ ಹುಡುಕ್ಕೊಂಡು ಹೋಗಬೇಕು” ಎಂದರು ನನ್ನ ಕಡೆ ತಿರುಗಿ.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೂ ಯಂತ್ರಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಆದರೂ ಆ ಮಾತು ಮನಸ್ಸಿನಲ್ಲಿ ನಿಂತಿತು. ಮನೆಗೆ ಬಂದ ಮೇಲೆ ನಾನೂ ಆ ಕಿಡಿಯನ್ನು ಹಿಂದಕ್ಕೆ ಹುಡುಕಿಕೊಂಡು ಹೊರಟೆ. ನನಗೆ ಬರುವ ರೀತಿಯಲ್ಲಿ, ಎಂದರೆ ಪುಸ್ತಕಗಳಲ್ಲಿ.

ಸೂಜಿಗಲ್ಲಿನ ಬಳಿ ತಂತಿಯ ಸುರುಳಿ ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆಂದು 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ. ಈ ತತ್ತ್ವದ ಮೇಲೆ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಎಂಬ ಸಲಕರಣೆಯನ್ನು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ರಾಬರ್ಟ್ ಬಾಷ್ 1887ರಲ್ಲಿ ತಯಾರಿಸಿದ. ಅದು ನಿಂತಲ್ಲೇ ಓಡುವ ಎಂಜಿನ್ನುಗಳಿಗೆ ಮಾತ್ರ ಒಗ್ಗುತ್ತಿತ್ತು. ಹತ್ತು ವರ್ಷದ ಮೇಲೆ ಅದನ್ನು ಮೂರು ಚಕ್ರದ ಮೋಟಾರು ಗಾಡಿಗೆ ಅಳವಡಿಸಿದ್ದಾಯಿತು. 1902ರಲ್ಲಿ ಬಾಷನ ಬಳಿಯಿದ್ದ ಗೊಟ್‌ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ಹೆಚ್ಚು ಒತ್ತಡದ ವಿದ್ಯುತ್ತು ಹುಟ್ಟಿಸುವ ಮ್ಯಾಗ್ನೆಟೋವನ್ನೂ ಅದಕ್ಕೆ ಹೊಂದುವ ಪ್ಲಗ್ಗನ್ನೂ ಸಿದ್ಧಪಡಿಸಿದ. ಬ್ಯಾಟರಿಯ ಹಂಗಿಲ್ಲದೆ, ಎಂಜಿನ್ನು ತಿರುಗುವಷ್ಟು ಹೊತ್ತೂ ತಾನಾಗಿಯೇ ಕಿಡಿ! ಯೂರೋಪಿನ ವಾಹನಗಳೆಲ್ಲ ಸ್ಟುಟ್‌ಗಾರ್ಟಿನ ಕಡೆಗೆ ಮುಖ ಮಾಡಿದವು.

ಇದರ ಬೆಲೆ ತಿಳಿದದ್ದು 1914ರಲ್ಲಿ. ಯುದ್ಧ ಘೋಷಣೆಯಾದಾಗ ಬ್ರಿಟನ್ನು ತನ್ನ ಮ್ಯಾಗ್ನೆಟೋಗಳಿಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಜರ್ಮನಿಯನ್ನೇ ನಂಬಿತ್ತು. ವಿಮಾನಕ್ಕೆ ರೆಕ್ಕೆ ಇದೆ, ಲಾರಿಗೆ ಚಕ್ರ ಇದೆ. ಕಿಡಿ ಮಾತ್ರ ಶತ್ರುವಿನ ಉಗ್ರಾಣದಲ್ಲಿ! ಅಷ್ಟು ದೊಡ್ಡ ಸಾಮ್ರಾಜ್ಯ ಅಂಗೈಯಗಲದ ಪೆಟ್ಟಿಗೆಗಾಗಿ ಪರದಾಡಿ, ತನ್ನ ಕಾರ್ಖಾನೆಗಳಲ್ಲಿ ಅದನ್ನು ಮಾಡಲು ಕಲಿಯಬೇಕಾಯಿತು. ಅಮೆರಿಕ ಯುದ್ಧಕ್ಕಿಳಿದ ಮೇಲೆ ಅಲ್ಲಿದ್ದ ಬಾಷ್ ಸಂಸ್ಥೆಯನ್ನು 1918ರಲ್ಲಿ ಅಲ್ಲಿನ ಸರ್ಕಾರ ವಶಪಡಿಸಿಕೊಂಡಿತು.

ಅಷ್ಟರಲ್ಲಿ ಯುದ್ಧ ಹೊಲಕ್ಕೂ ಬಂದಿತ್ತು. 1917ರ ಏಪ್ರಿಲ್ ತಿಂಗಳೊಂದರಲ್ಲೇ ಜರ್ಮನಿಯ ಜಲಾಂತರ್ಗಾಮಿಗಳು ಎಂಟು ಲಕ್ಷ ಟನ್ನಿಗೂ ಮೀರಿದ ಹಡಗುಗಳನ್ನು ಮುಳುಗಿಸಿದವು. ಹೊರಗಿನ ಗೋಧಿಯನ್ನು ನಂಬಿದ್ದ ಬ್ರಿಟನ್ನಿಗೆ ರೊಟ್ಟಿಯ ಚಿಂತೆ ಹತ್ತಿತು. ಹುಲ್ಲುಗಾವಲನ್ನು ಉತ್ತು ಬಿತ್ತೋಣವೆಂದರೆ ಉಳುವ ಗಂಡಸರೂ ಕುದುರೆಗಳೂ ರಣರಂಗಕ್ಕೆ ಹೋಗಿಯಾಗಿದೆ. ಆಗ ಸರ್ಕಾರ ಅಮೆರಿಕದ ಹೆನ್ರಿ ಫೋರ್ಡನಿಂದ ಸಾವಿರಾರು ಟ್ರ್ಯಾಕ್ಟರುಗಳನ್ನು ತರಿಸಲು ನಿಶ್ಚಯಿಸಿತು. ಅದೇ ವರ್ಷ ಹುಟ್ಟಿದ ಫೋರ್ಡ್‌ಸನ್ ‘ಎಫ್’ ಮಾದರಿ ಹೀಗೆ ತನ್ನ ನೆಲಕ್ಕಿಂತ ಪರನೆಲದ ಹಸಿವಿಗಾಗಿ ಮೊದಲು ದುಡಿಯಿತು. ಆ ಕಾಲದಲ್ಲಿ ಟ್ರ್ಯಾಕ್ಟರು ನಡೆಸಿದವರಲ್ಲಿ 1917ರಲ್ಲೇ ಕಟ್ಟಿದ ಮಹಿಳಾ ಭೂಸೇನೆಯ ಹೆಣ್ಣುಮಕ್ಕಳೂ ಇದ್ದರು.

ಈ ಫೋರ್ಡ್‌ಸನ್ನಿನ ಕಿಡಿಯ ಸಂಸಾರ ಬೇರೆಯೇ ಬಗೆಯದು. ಫೋರ್ಡ್ ತನ್ನ ಮಾಡೆಲ್ ‘ಟಿ’ ಕಾರಿನಲ್ಲಿ ಎಂಜಿನ್ನಿನ ಹಿಂದಿನ ಭಾರದ ಚಕ್ರಕ್ಕೇ ಹದಿನಾರು ಸೂಜಿಗಲ್ಲುಗಳನ್ನು ಬಿಗಿದು, ಅವುಗಳೆದುರು ತಂತಿಸುರುಳಿಗಳನ್ನು ಇಟ್ಟಿದ್ದ. ಟ್ರ್ಯಾಕ್ಟರಿಗೂ ಅದೇ ಉಪಾಯ. ಅಲ್ಲಿ ಹುಟ್ಟುವ ಸಾಧಾರಣ ವಿದ್ಯುತ್ತನ್ನು ನಾಲ್ಕು ಕಾಯಿಲ್ ಪೆಟ್ಟಿಗೆಗಳು ಕಿಡಿಯಾಗುವಷ್ಟು ಪ್ರಬಲಗೊಳಿಸುತ್ತಿದ್ದವು. ಯಾವ ಪೆಟ್ಟಿಗೆಯ ಸರದಿ ಎಂಬುದನ್ನು ಹೇಳಲು ಟೈಮರ್ ಎಂಬ ಸುತ್ತುವ ಕೀಲು. ಪೆಟ್ಟಿಗೆಯ ಮೇಲೊಂದು ಪುಟ್ಟ ಲೋಹದ ನಾಲಿಗೆ ಅದುರಿ ದುಂಬಿಯಂತೆ ಗುಂಯ್‌ಗುಟ್ಟುತ್ತಿತ್ತು.

ಹಾಗಾಗಿ ಆ ಟ್ರ್ಯಾಕ್ಟರು ಮುನಿದರೆ ರೈತ ಮೊದಲು ಕಿವಿಯಿಂದ ಪರೀಕ್ಷಿಸಬೇಕು. ಹಿಡಿ ತಿರುಗಿಸಿದಾಗ ನಾಲ್ಕು ದುಂಬಿಗಳೂ ಸರದಿಯ ಮೇಲೆ ಹಾಡಿದರೆ ವಿದ್ಯುತ್ತು ಬರುತ್ತಿದೆ ಎಂದರ್ಥ. ದೋಷ ಪ್ಲಗ್ಗಿನಲ್ಲಿರಬಹುದು, ಸೀಮೆ ಎಣ್ಣೆಯ ಮಸಿ ಅದರ ಮೂತಿಗೆ ಮೆತ್ತಿಕೊಂಡರೆ ಕಿಡಿ ಹಾರದೆ ಮಸಿಯ ಮೇಲೆ ಜಾರಿಹೋಗುತ್ತದೆ. ಒಂದು ದುಂಬಿ ಮಾತ್ರ ಮೂಕವಾದರೆ ಆ ಪೆಟ್ಟಿಗೆಯ ನಾಲಿಗೆಯನ್ನೋ, ಟೈಮರಿನಲ್ಲಿ ಕೂತ ಎಣ್ಣೆ ಕೊಳೆಯನ್ನೋ ನೋಡಬೇಕು. ಪಕ್ಕದ ಪೆಟ್ಟಿಗೆಯೊಡನೆ ಅದಲುಬದಲು ಮಾಡಿದರೆ ತಪ್ಪು ಯಾರದೆಂದು ತಾನೇ ಗೊತ್ತಾಗುತ್ತದೆ. ನಾಲ್ಕೂ ಮೂಕವಾದರೆ ದಾರಿ ಚಕ್ರದವರೆಗೂ ಹೋಗುತ್ತದೆ. ಚಳಿಯ ಬೆಳಗಿನಲ್ಲಂತೂ ಬೇರೆ ಗೋಳು: ಗಟ್ಟಿಯಾದ ಎಣ್ಣೆಯಲ್ಲಿ ಚಕ್ರ ಬೇಗ ತಿರುಗದು, ಚಕ್ರ ಬೇಗ ತಿರುಗದಿದ್ದರೆ ವಿದ್ಯುತ್ತು ಸಾಲದು. ಕಿಡಿ ಬೇಕಾದರೆ ಎಂಜಿನ್ನು ಓಡಬೇಕು. ಎಂಜಿನ್ನು ಓಡಬೇಕಾದರೆ ಕಿಡಿ ಬೇಕು! ನಡುವೆ ಸಿಕ್ಕಿದ್ದು ರೈತನ ತೋಳು.

ತೋಳು ಎಂದದ್ದು ಅಲಂಕಾರಕ್ಕಲ್ಲ. ಕಿಡಿ ಹಾರುವ ಹೊತ್ತನ್ನು ಹಿಂದುಮುಂದು ಮಾಡಲು ಒಂದು ಸನ್ನೆ ಇರುತ್ತಿತ್ತು. ಹೊರಡಿಸುವಾಗ ಅದನ್ನು ತಡವಾಗುವಂತೆ ಇಡಬೇಕು. ಮರೆತರೆ ಪಿಸ್ಟನ್ನು ಮೇಲೇರುತ್ತಿರುವಾಗಲೇ ಕಿಡಿ ಹಾರಿ, ಎಂಜಿನ್ನು ಹಿಮ್ಮುಖವಾಗಿ ಒದೆಯುತ್ತದೆ. ಆ ಒದೆತಕ್ಕೆ ಹಿಡಿ ಹಿಡಿದವನ ಮಣಿಕಟ್ಟು ಮುರಿಯುವುದು ಆ ಕಾಲಕ್ಕೆ ಅಪರೂಪದ ಸಂಗತಿಯಾಗಿರಲಿಲ್ಲ. ಹೆಬ್ಬೆರಳನ್ನು ಸುತ್ತದೆ ಬೆರಳುಗಳ ಪಕ್ಕಕ್ಕೇ ಇಟ್ಟುಕೊಂಡು, ಹಿಡಿಯನ್ನು ಕೆಳಕ್ಕೆ ಒತ್ತದೆ ಮೇಲಕ್ಕೆಳೆಯಬೇಕು. ಒದ್ದರೂ ಹಿಡಿ ಕೈಜಾರಿ ಹೋಗಲಿ ಎಂದು. ನಮ್ಮ ಮೇಸ್ತ್ರಿಗಳ ಗದರಿಕೆಗೆ ಇಷ್ಟು ಹಿಂದಿನ ಬೇರಿತ್ತೆಂದು ನನಗೆ ಅಂದು ಹೊಳೆಯಲಿಲ್ಲ.

1928ರವರೆಗೆ ಅಮೆರಿಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಫೋರ್ಡ್‌ಸನ್ನುಗಳು ತಯಾರಾದವು. 1929ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಿಂದ ಹೊರಬಂದ ‘ಎನ್’ ಮಾದರಿಗೆ ಫೋರ್ಡ್ ಆ ದುಂಬಿಗಳನ್ನು ಬಿಟ್ಟು ಹೆಚ್ಚು ಒತ್ತಡದ ಮ್ಯಾಗ್ನೆಟೋವನ್ನೇ ಕೂರಿಸಿದ. ಹೊನೋಲ್ಡನ ದಾರಿಗೆ ಬಂದಂತಾಯಿತು. ಈ ಬಗೆಯ ಮ್ಯಾಗ್ನೆಟೋಗಳಿಗೆ ಜೋಡಿಸುತ್ತಿದ್ದ ಒಂದು ಸ್ಪ್ರಿಂಗಿನ ಕೊಂಡಿಯಂತೂ ನನಗೆ ಬಹಳ ಮೆಚ್ಚುಗೆಯಾಯಿತು. ಕೈಯಿಂದ ನಿಧಾನವಾಗಿ ತಿರುಗಿಸುವಾಗ ಅದು ಮ್ಯಾಗ್ನೆಟೋವನ್ನು ಒಂದು ಗಳಿಗೆ ತಡೆದು, ಟಕ್ಕೆಂದು ಚಿಮ್ಮಿ ಬಿಡುತ್ತದೆ. ಚಿಮ್ಮಿದ್ದರಿಂದ ಕಿಡಿಗೆ ಬಲ. ತಡೆದದ್ದರಿಂದ ಕಿಡಿ ತುಸು ತಡ, ಕೈಗೆ ಒದೆತವಿಲ್ಲ. ಎರಡು ರೋಗಕ್ಕೆ ಒಂದೇ ಗುಳಿಗೆ! ಮುಂದೆ ಬ್ಯಾಟರಿ ಮತ್ತು ಕಾಯಿಲ್ ಬಂದವು. ಕೊನೆಗೆ ಡೀಸೆಲ್ ಬಂದು ಕಿಡಿಯನ್ನೇ ಮನೆಯಿಂದ ಹೊರಗೆ ಹಾಕಿತು. ಇಂದು ನಮ್ಮ ಹೊಲಗಳಲ್ಲಿ ಓಡಾಡುವ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಗಾಳಿಯನ್ನು ಅದುಮಿ ಕಾಯಿಸಿದ ಬಿಸಿಯಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ.

ಮಾವನ ಕೊಟ್ಟಿಗೆಯ ಕಿಡಿ ಕಳೆದದ್ದು ಎಲ್ಲಿ ಎಂದು ಹೇಳದೆ ಬಿಟ್ಟರೆ ವಾಚಕರು ಬಯ್ದಾರು. ಮೇಸ್ತ್ರಿಗಳು ಪ್ಲಗ್ಗು ಒರೆಸಿದರು, ತಂತಿ ಬದಲಾಯಿಸಿದರು, ಕಡೆಗೆ ಮ್ಯಾಗ್ನೆಟೋದ ಮುಚ್ಚಳ ಬಿಚ್ಚಿದರು. ಒಳಗೆ ಒಂದನ್ನೊಂದು ಮುಟ್ಟಿ ಬಿಡುವ ಎರಡು ಪುಟ್ಟ ಲೋಹದ ಬೊಟ್ಟುಗಳ ಮೇಲೆ, ಇಷ್ಟು ವರ್ಷದ ತೇವಕ್ಕೆ, ಕಣ್ಣಿಗೆ ಕಂಡೂ ಕಾಣದ ಬೂದು ಪೊರೆ. ಅದನ್ನು ಸಣ್ಣ ಅರದಿಂದ ಎರಡು ಸಲ ಉಜ್ಜಿ, ಬಟ್ಟೆಯಿಂದ ಒರೆಸಿ, ಮತ್ತೆ ತಂತಿ ಹಿಡಿದರು. ಹುಡುಗ ಹಿಡಿ ಎಳೆದ. ಟಕ್ಕೆಂಬ ಸದ್ದಿನ ಜೊತೆಗೆ ತಂತಿಯ ತುದಿಯಿಂದ ನೀಲಿ ಕಿಡಿ ಹಾರಿತು. ತಂತಿಯನ್ನು ಪ್ಲಗ್ಗಿಗೆ ಸಿಕ್ಕಿಸಿದ ಮೇಲೆ ನಾಲ್ಕನೆಯ ಎಳೆತಕ್ಕೆ ಎಂಜಿನ್ನು ಕೆಮ್ಮಿ, ಕೊಟ್ಟಿಗೆಯ ತುಂಬ ಹೊಗೆ ಕಾರಿ, ಓಡತೊಡಗಿತು. ಮಾವ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡು “ಹೊಗೆ ಕಣಯ್ಯ” ಎಂದರು.

ಹುಡುಗ ಹಿಡಿಯನ್ನು ಕಳಚಿ ಗೋಡೆಗೆ ಒರಗಿಸಿದ. ಅವನ ಹೆಬ್ಬೆರಳು ಕ್ಷೇಮವಾಗಿತ್ತು.